ಸ್ಟುಟ್‌ಗಾರ್ಟ್‌ನಲ್ಲಿ ಬಾಡಿಗೆ ಮನೆ ಹುಡುಕುವವರಿಗೆ

ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ, ಮನೆ ಹೇಗೆ ಹುಡುಕಲಿ ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಬೆಂಗಳೂರಲ್ಲಿ ಕೂತು ಹುಡುಕಬೇಡಿ. ಇಲ್ಲಿನ ಮಾಲೀಕರು ಮುಖ ನೋಡದೆ ಮನೆ ಕೊಡುವುದು ಅಪರೂಪ. ಹಾಗೆ ಕೊಡುತ್ತೇನೆ ಅಂತ ಮೇಲೆ ಬಿದ್ದು ಬರುವವರನ್ನು ನಂಬಬೇಡಿ. 'ನಾನೀಗ ಲಂಡನ್‌ನಲ್ಲಿದ್ದೇನೆ, ದುಡ್ಡು ಹಾಕಿ, ಬೀಗದ ಕೈ ಅಂಚೆಯಲ್ಲಿ ಕಳಿಸುತ್ತೇನೆ' ಅನ್ನುವ ಕತೆ ಕೇಳಿದ ಕೂಡಲೇ ಆ ಮೆಸೇಜ್ ಅಳಿಸಿ ಹಾಕಿ. ಮನೆ ನೋಡಿ, ಕರಾರಿಗೆ ಸಹಿ ಆಗುವ ತನಕ ಒಂದು ಯೂರೋ ಕೂಡ ಕಳಿಸಬಾರದು.

ಮೊದಲ ಎರಡು ಮೂರು ತಿಂಗಳಿಗೆ ಸಾಮಾನು ಸಮೇತ ಇರುವ ರೂಮೋ ಸಣ್ಣ ಅಪಾರ್ಟ್‌ಮೆಂಟೋ ಹಿಡಿಯಿರಿ. ದುಬಾರಿ, ನಿಜ. ಆದರೆ ಊರಲ್ಲಿ ಇದ್ದುಕೊಂಡು ಹುಡುಕುವುದೇ ಬೇರೆ. ಬುಕ್ ಮಾಡುವ ಮುಂಚೆ 'ಅನ್‌ಮೆಲ್ಡುಂಗ್ ಆಗುತ್ತಾ?', ಅಂದರೆ ಈ ವಿಳಾಸ ನೋಂದಾಯಿಸಬಹುದಾ, ಅಂತ ತಪ್ಪದೆ ಕೇಳಿ. ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರು ಸಹಿ ಹಾಕಿದ ಒಂದು ದೃಢೀಕರಣ ಪತ್ರ ಬೇಕು. ಕೆಲವರು ಅದನ್ನು ಕೊಡುವುದಿಲ್ಲ. ಅಂಥ ಮನೆ ಎಷ್ಟೇ ಅಗ್ಗವಾದರೂ ಬೇಡ. ನೋಂದಣಿ ಆಗದಿದ್ದರೆ ತೆರಿಗೆ ನಂಬರ್ ಬರುವುದಿಲ್ಲ, ಮುಂದಿನ ಕೆಲಸಗಳೂ ಒಂದರ ಹಿಂದೆ ಒಂದು ನಿಂತುಬಿಡುತ್ತವೆ.

ಇನ್ನೊಂದು, ಯಾರೂ ಹೇಳದ ವಿಷಯ: ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಇರಲೇಬೇಕು. ಇಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲಾಟ್ ನಂಬರ್ ಇರುವುದಿಲ್ಲ, ಪೋಸ್ಟ್‌ಮ್ಯಾನ್ ಹೆಸರು ನೋಡಿಯೇ ಕಾಗದ ಹಾಕುತ್ತಾರೆ. ಹೆಸರಿಲ್ಲದಿದ್ದರೆ ತೆರಿಗೆ ನಂಬರ್, ಬ್ಯಾಂಕ್ ಕಾರ್ಡ್ ಎಲ್ಲ ವಾಪಸ್. ನಮ್ಮ ಕಡೆ ಅಪ್ಪನ ಹೆಸರು, ಊರಿನ ಹೆಸರು ಇನಿಷಿಯಲ್ ಆಗಿರುತ್ತೆ, ಅಲ್ವಾ? ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ಕರಾರಿನಲ್ಲೂ ಡಬ್ಬಿಯಲ್ಲೂ ಹಾಕಿಸಿ. ತಾತ್ಕಾಲಿಕ ಮನೆಯಾದರೂ ಚೀಟಿ ಬರೆದು ಅಂಟಿಸಬಹುದಾ ಅಂತ ಮೊದಲ ದಿನವೇ ಕೇಳಿ.

ಜಾಹೀರಾತು ಓದುವುದಕ್ಕೆ ಸ್ವಲ್ಪ ಅಭ್ಯಾಸ ಬೇಕು. '2 ಜಿಮ್ಮರ್' ಅಂದರೆ ಎರಡು ಬೆಡ್‌ರೂಮ್ ಅಲ್ಲ. ಹಾಲ್ ಒಂದು, ಬೆಡ್‌ರೂಮ್ ಒಂದು, ನಮ್ಮ ಒನ್ ಬಿಎಚ್‌ಕೆ. ಅಡುಗೆಮನೆ, ಬಚ್ಚಲು ಲೆಕ್ಕಕ್ಕಿಲ್ಲ. 'ಇಬಿಕೆ' ಅಂತ ಇದ್ದರೆ ಅಡುಗೆಮನೆ ಜೋಡಿಸಿದೆ ಅಂತ ಅರ್ಥ. ಆ ಮೂರಕ್ಷರ ಇಲ್ಲದಿದ್ದರೆ ಬರಿ ಗೋಡೆ, ನೀರಿನ ಪೈಪು ಇರಬಹುದು. ಸಿಂಕ್, ಒಲೆ, ಕಪಾಟು ನೀವೇ ತರಬೇಕು, ಇಲ್ಲವೇ ಹಳೆಯ ಬಾಡಿಗೆದಾರರಿಂದ ಕೊಳ್ಳಬೇಕು. ಹೊಸಬರು ಇಬಿಕೆ ಇರುವ ಮನೆಯನ್ನೇ ನೋಡುವುದು ಒಳ್ಳೆಯದು.

ಬಾಡಿಗೆಯಲ್ಲಿ 'ಕಾಲ್ಟ್' ಅಂದರೆ ಬರೀ ಮನೆಯದು. 'ವಾರ್ಮ್' ಅಂದರೆ ಅದರ ಮೇಲೆ ನೀರು, ಕಸ, ಸಾಮಾನ್ಯವಾಗಿ ಹೀಟಿಂಗ್ ಕೂಡ ಸೇರಿದ್ದು. ವಿದ್ಯುತ್ತು, ಇಂಟರ್‌ನೆಟ್ ಹೆಚ್ಚಾಗಿ ಬೇರೆ. ವಾರ್ಮ್‌ನ ಖರ್ಚು ಬರೀ ಅಂದಾಜು. ವರ್ಷಕ್ಕೊಮ್ಮೆ ಲೆಕ್ಕ ಬರುತ್ತೆ, ಚಳಿಗಾಲದಲ್ಲಿ ಹೀಟರ್ ಜಾಸ್ತಿ ಉರಿಸಿದ್ದರೆ ಕೈಯಿಂದ ಕಟ್ಟಬೇಕಾಗುತ್ತೆ.

ಅಡ್ವಾನ್ಸ್ ವಿಷಯದಲ್ಲಿ ಬೆಂಗಳೂರಿನ ಹತ್ತು ತಿಂಗಳ ಕಾಟ ಇಲ್ಲಿಲ್ಲ. ಕಾನೂನು ಪ್ರಕಾರ ಹೆಚ್ಚೆಂದರೆ ಮೂರು ತಿಂಗಳ ಕಾಲ್ಟ್ ಬಾಡಿಗೆ, ಅದನ್ನೂ ಮೂರು ಕಂತಲ್ಲಿ ಕೊಡಬಹುದು. ಬ್ರೋಕರ್ ಕಮಿಷನ್ ಕೇಳಿದರೆ ಒಂದು ಮಾತು ನೆನಪಿರಲಿ: 2015ರಿಂದ ಬ್ರೋಕರನ್ನು ಗೊತ್ತು ಮಾಡಿದವರೇ ಅವರ ದುಡ್ಡು ಕೊಡಬೇಕು. ಮಾಲೀಕರು ಕರೆಸಿದ ಬ್ರೋಕರ್‌ಗೆ ನೀವೇಕೆ ಕೊಡಬೇಕು?

ಇನ್ನು ಅರ್ಜಿ. ಇಮ್ಮೋಸ್ಕೌಟ್ ಅನ್ನುವ ಮನೆ ಜಾಹೀರಾತಿನ ವೆಬ್‌ಸೈಟ್‌ನಲ್ಲಿ ಅಲರ್ಟ್ ಹಾಕಿಡಿ. ಒಳ್ಳೆಯ ಮನೆಗೆ ಕೆಲವೇ ಗಂಟೆಗಳಲ್ಲಿ ರಾಶಿ ಮೆಸೇಜ್ ಬೀಳುತ್ತೆ, ಬೇಗ ಬರೆದವರಿಗೇ ಲಾಭ. ಜರ್ಮನ್‌ನಲ್ಲೇ ಬರೆಯಿರಿ, ಐದಾರು ಸಾಲು ಸಾಕು: ಎಷ್ಟು ಜನ, ಏನು ಕೆಲಸ, ಕೆಲಸ ಕಾಯಮ್ಮೋ ಅಲ್ಲವೋ, ಸಿಗರೇಟ್ ಸೇದುವುದಿಲ್ಲ, ನಾಯಿ ಬೆಕ್ಕು ಇಲ್ಲ, ಯಾವತ್ತಿನಿಂದ ಮನೆ ಬೇಕು. ಕೆಲಸದ ಕರಾರು, ಮೂರು ತಿಂಗಳ ಸಂಬಳ ಚೀಟಿ, ಭರ್ತಿ ಮಾಡಿದ ಸೆಲ್ಬ್ಸ್ಟ್‌ಔಸ್‌ಕುನ್ಫ್ಟ್ (ನಿಮ್ಮ ಬಗ್ಗೆ ನೀವೇ ವಿವರ ಕೊಡುವ ಫಾರಂ) ಎಲ್ಲ ಒಂದೇ ಪಿಡಿಎಫ್‌ನಲ್ಲಿ ಸಿದ್ಧ ಇರಲಿ. ಸಾಲ ಸರಿಯಾಗಿ ತೀರಿಸುತ್ತೀರಾ ಅಂತ ಹೇಳುವ ಶೂಫಾ ವರದಿ ಕೇಳುತ್ತಾರೆ. ಹೊಸಬರ ಇತಿಹಾಸ ಅದರಲ್ಲಿ ಇರುವುದಿಲ್ಲ. ಹೋದ ತಿಂಗಳು ಬಂದೆವು, ಇಗೋ ಕೆಲಸದ ಕರಾರು ಅಂತ ನೇರವಾಗಿ ಬರೆದುಬಿಡಿ. ಕೆಲಸದ ಪರೀಕ್ಷಾ ಅವಧಿ ಮುಗಿಯದಿದ್ದರೆ ಕೆಲವರು ಹಿಂಜರಿಯುತ್ತಾರೆ, ಕಂಪನಿಯ ಎಚ್‌ಆರ್‌ನಿಂದ ಒಂದು ಪತ್ರ ತಂದರೆ ಅನುಕೂಲ.

ನಗರದ ನಡುವೆಯೇ ಇರಬೇಕು ಅಂತ ಹಟ ಬೇಡ. ನಾನಿರುವುದು ಪಕ್ಕದ ಊರು ಎಸ್ಲಿಂಗನ್‌ನಲ್ಲಿ. ಎಸ್1 ಲೋಕಲ್ ರೈಲು ಇಲ್ಲಿ ನಿಂತು, ಸ್ಟುಟ್‌ಗಾರ್ಟ್ ದಾಟಿ ಫೈಹಿಂಗನ್, ಬ್ಯೋಬ್ಲಿಂಗನ್ ಕಡೆಗೆ ಹೋಗುತ್ತೆ. ಆ ಲೈನಿನ ಯಾವ ನಿಲ್ದಾಣದ ಹತ್ತಿರ ಸಿಕ್ಕಿದರೂ ನೋಡಿ.

ಮನೆ ನೋಡಲು ಹೋಗುವಾಗ ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ. ಈ ಕಡೆ ಹಳೆಯ ಕಾಲದ ಮಾಲೀಕರು 'ಕೇರ್‌ವೋಖ ಮಾಡುತ್ತೀರಾ?' ಅಂತ ಕೇಳಬಹುದು. ಅದು ಈ ಶ್ವಾಬಿಯಾ ಸೀಮೆಯ ಪದ್ಧತಿ. ಸರದಿಯ ಮೇಲೆ ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು. ನಿಮ್ಮ ಪಾಳಿ ಬಂದಾಗ ಬಾಗಿಲಿಗೆ ಒಂದು ಬೋರ್ಡು ನೇತುಬೀಳುತ್ತೆ. ದಿನಾ ಅಂಗಳ ಗುಡಿಸುವುದನ್ನು ನೋಡಿ ಬೆಳೆದ ನಮಗೆ ಇದೇನು ಮಹಾ? ಖಂಡಿತ ಮಾಡುತ್ತೇವೆ ಅಂತ ನಗುತ್ತಾ ಹೇಳಿ, ಆಮೇಲೆ ನಿಜವಾಗಿಯೂ ಮಾಡಿ. ಪಕ್ಕದ ಮನೆಯ ಅಜ್ಜಿ ಗಮನಿಸುತ್ತಿರುತ್ತಾರೆ.

ಕರಾರಿನಲ್ಲಿ 'ಕ್ಯುಂಡಿಗುಂಗ್ಸ್‌ಫರ್‌ತ್ಸಿಷ್ಟ್' (Kündigungsverzicht, ಅಂದರೆ ಇಂತಿಷ್ಟು ಕಾಲ ಮನೆ ಬಿಡುವುದಿಲ್ಲ ಅನ್ನುವ ಷರತ್ತು) ಪದ ಇದೆಯಾ ನೋಡಿ. ಸಾಮಾನ್ಯವಾಗಿ ಮೂರು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು. ಈ ಷರತ್ತಿದ್ದರೆ ಅದರಲ್ಲಿ ಹೇಳಿದ ಅವಧಿ ಮುಗಿಯುವ ತನಕ, ಹೆಚ್ಚೆಂದರೆ ನಾಲ್ಕು ವರ್ಷದವರೆಗೂ, ಕರಾರು ಮುಗಿಸಿ ಮನೆ ಬಿಡುವ ಹಾಗಿಲ್ಲ. ಕೆಲಸ ಬದಲಾಗಬಹುದು ಅನ್ನುವವರು ಒಂದು ವರ್ಷಕ್ಕೆ ಇಳಿಸಲು ಕೇಳಿ.

ಬೀಗದ ಕೈ ಪಡೆಯುವ ದಿನ ಗೋಡೆಯ ಗೀರು, ನೆಲದ ಕಲೆ, ಮೀಟರ್ ರೀಡಿಂಗ್ ಎಲ್ಲದರ ಫೋಟೊ ತೆಗೆದು, ಹಸ್ತಾಂತರ ಪತ್ರದಲ್ಲಿ ಬರೆಸಿ. ಎಷ್ಟು ಬೀಗದ ಕೈ ಕೊಟ್ಟರು ಅನ್ನುವುದೂ ಅದರಲ್ಲಿರಲಿ. ಇಡೀ ಕಟ್ಟಡಕ್ಕೆ ಒಂದೇ ಬೀಗದ ವ್ಯವಸ್ಥೆ ಇದ್ದರೆ, ಒಂದು ಕಳೆದರೂ ಎಲ್ಲ ಬೀಗ ಬದಲಿಸುವ ಬಿಲ್ ನಿಮ್ಮ ತಲೆಗೆ ಬರಬಹುದು. ಹಾಫ್ಟ್‌ಫ್ಲಿಷ್ಟ್ ವಿಮೆ (ನಮ್ಮಿಂದ ಬೇರೆಯವರಿಗೆ ಆದ ನಷ್ಟ ಕಟ್ಟಿಕೊಡುವ ವಿಮೆ) ತಗೊಳ್ಳುವಾಗ ಬೀಗದ ಕೈ ಕಳೆದರೂ ಅನ್ವಯಿಸುತ್ತಾ ಅಂತ ಕೇಳಿಯೇ ಸಹಿ ಹಾಕಿ.