ಸ್ಮಿಯರ್ ನಾರ್ಮಲ್ ಬಂದರೂ ನಾನು ಬಯಾಪ್ಸಿ ಮಾಡುವುದು ಯಾಕೆ

ಸಕಲೇಶಪುರ ಸುತ್ತಲಿನ ಕಾಫಿ ತೋಟಗಳ ಹೆಂಗಸರು ನನ್ನ ಹತ್ತಿರ ಬರುತ್ತಾರೆ. ಗರ್ಭಕೋಶದ ಬಾಯಿಯಿಂದ ಕೋಶಗಳನ್ನು ಸವರಿ ತೆಗೆದು ಪರೀಕ್ಷೆಗೆ ಕಳಿಸುವುದು, ಅಂದರೆ ಪ್ಯಾಪ್ ಸ್ಮಿಯರ್ ತೆಗೆಯುವುದು, ನನಗೆ ದಿನನಿತ್ಯದ ಕೆಲಸ. ಆ ಪರೀಕ್ಷೆ ಮೇಲೆ ನನಗೆ ನಂಬಿಕೆಯಿದೆ. ಆದರೆ ಅದು ಯಾರಿಗೆ, ಯಾವಾಗ ಅನ್ನುವುದು ಮುಖ್ಯ.

ಸ್ಮಿಯರ್ ಇರುವುದು ಯಾವ ತೊಂದರೆಯೂ ಇಲ್ಲದವರಿಗೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಆಗುವ ಮುಂಚಿನ ಬದಲಾವಣೆಯನ್ನು ಹಿಡಿಯುವುದಕ್ಕೆ. ಅದನ್ನು ತರುವ ಎಚ್‌ಪಿವಿ ಅನ್ನುವ ವೈರಸ್‌ನ ಸೋಂಕು ಕ್ಯಾನ್ಸರ್ ಆಗಿ ಬೆಳೆಯಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಒಂದು ಸಲ ತಪ್ಪಿಹೋದದ್ದು ಮುಂದಿನ ಸಲ ಸಿಗಬಹುದು. ರಕ್ತ ಹೋಗುತ್ತಿರುವವರಿಗೆ ಅಷ್ಟು ಸಮಯ ಎಲ್ಲಿದೆ?

ಗಡ್ಡೆ ಬೆಳೆದ ಮೇಲೆ ಸ್ಮಿಯರ್‌ನಲ್ಲಿ ಸಿಕ್ಕೇ ಸಿಗುತ್ತದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ಗಡ್ಡೆಯ ಮೇಲ್ಭಾಗ ಎಷ್ಟೋ ಸಲ ಕೊಳೆತಿರುತ್ತದೆ. ಸ್ಲೈಡ್ ತುಂಬ ರಕ್ತ, ಕೀವು, ಸತ್ತ ಕೋಶಗಳೇ ಬರುತ್ತವೆ. ಕ್ಯಾನ್ಸರ್ ಕೋಶಗಳು ಅದರಡಿ ಮುಚ್ಚಿಹೋಗುತ್ತವೆ. ಕೆಲವು ಸಲ ರಿಪೋರ್ಟ್‌ನಲ್ಲಿ 'ಉರಿಯೂತ' ಅಂತಷ್ಟೇ ಇರುತ್ತದೆ.

ಮುಟ್ಟು ನಿಂತು ವರ್ಷಗಳಾಗಿದ್ದ ಒಬ್ಬರು ಅಂಥದೇ ರಿಪೋರ್ಟ್ ಹಿಡಿದು ಬಂದಿದ್ದರು. "ಕ್ಯಾನ್ಸರ್ ಇಲ್ಲ ಅಂದ್ರು ಡಾಕ್ಟ್ರಮ್ಮ, ಆದ್ರೆ ಬಟ್ಟೆ ಕಲೆ ಆಗೋದು ನಿಂತಿಲ್ಲ" ಅಂದರು. ಒಳಗೆ ಕಾಣುವಂತೆ ಮಾಡುವ ಸಾಧನ, ಸ್ಪೆಕ್ಯುಲಂ, ಹಾಕಿ ನೋಡಿದೆ. ಗರ್ಭಕೋಶದ ಬಾಯಿಯಲ್ಲಿ ಹುಣ್ಣು, ಮುಟ್ಟಿದರೆ ರಕ್ತ. ಮತ್ತೊಂದು ಸ್ಮಿಯರ್ ತೆಗೆಯಲಿಲ್ಲ. ಹುಣ್ಣಿನ ಅಂಚಿನಿಂದ ಚೂರು ತೆಗೆದು ಬಯಾಪ್ಸಿಗೆ ಹಾಸನಕ್ಕೆ ಕಳಿಸಿದೆ. ಅಂಚೇ ಬೇಕು, ನಡುವೆ ತೆಗೆದರೆ ಬರೀ ಸತ್ತ ಭಾಗ ಬರಬಹುದು. ಕ್ಯಾನ್ಸರ್ ಅಂತಲೇ ಬಂತು. ಅವರನ್ನು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸಿದೆವು.

ಕಣ್ಣಿಗೆ ಹುಣ್ಣೋ ಗಡ್ಡೆಯೋ ಕಂಡರೆ ಬಯಾಪ್ಸಿಯೇ ಆಗಬೇಕು. ಸ್ಮಿಯರ್ ಏನೇ ಹೇಳಲಿ. ಗಂಡನ ಜೊತೆ ಸೇರಿದ ಮೇಲೆ ರಕ್ತ, ಎರಡು ಮುಟ್ಟಿನ ನಡುವೆ ರಕ್ತ, ನಾತ ಬರುವ ಬಿಳಿ ಸೆರಗು, ಇವೆಲ್ಲ ಇದ್ದರೂ ಒಳಗೆ ನೋಡದೆ ಕಳಿಸುವುದಿಲ್ಲ. ನಾಚಿಕೆಯಿಂದ ಬೇಡ ಅನ್ನುವವರೇ ಜಾಸ್ತಿ. ಅವರಿಗೆ ಸ್ವಲ್ಪ ಹೊತ್ತು ಕೊಟ್ಟು ಮಾತಾಡಬೇಕು, ಅಲ್ವಾ?

ಸ್ಮಿಯರ್ ತೆಗೆಯುವಾಗಲೂ ಎಚ್ಚರ ಬೇಕು. ಸ್ಲೈಡ್ ಒಣಗುವ ಮುಂಚೆ 95% ಆಲ್ಕೋಹಾಲ್‌ಗೆ ಹಾಕಬೇಕು. ಒಣಗಿದರೆ ಕೋಶಗಳ ಆಕಾರ ಕೆಡುತ್ತದೆ. ಮುಟ್ಟು ನಿಂತವರಲ್ಲಿ ಕೋಶ ಬದಲಾಗುವ ಜಾಗ ಒಳಗೆ ಸರಿದಿರುತ್ತದೆ, ಅಲ್ಲಿಗೆ ಬ್ರಷ್ ಬೇಕು. ಪರೀಕ್ಷೆಯ ಫಾರಂನಲ್ಲಿ ಸುಮ್ನೆ 'ಸ್ಮಿಯರ್' ಅಂತಲೋ 'ಬಯಾಪ್ಸಿ' ಅಂತಲೋ ಬರೆಯುವುದಿಲ್ಲ. 'ಮುಟ್ಟು ನಿಂತ ಮೇಲೆ ರಕ್ತ, ಗರ್ಭಕೋಶದ ಬಾಯಿಯಲ್ಲಿ ಹುಣ್ಣು' ಅಂತ ಕಂಡದ್ದನ್ನೆಲ್ಲ ಬರೆಯುತ್ತೇನೆ. ಸ್ಲೈಡ್ ನೋಡುವವರಿಗೆ ಎಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತದೆ.