ಎಣಿಕೆಯಿಂದ ಅಂದಾಜಿನವರೆಗೆ ಮಗುವನ್ನು ಕರೆದೊಯ್ಯುವುದು ಹೇಗೆ?

ಮೂರು ವರ್ಷದ ಮಗು ಒಂದರಿಂದ ಇಪ್ಪತ್ತರವರೆಗೆ ತಡವರಿಸದೆ ಒಪ್ಪಿಸಿದರೆ ಮನೆಯವರು ಹಿಗ್ಗುವುದು ಸಹಜ. ಆದರೆ ಅದೇ ಮಗುವಿನ ಮುಂದೆ ಒಂದು ಬೊಗಸೆ ಕಡಲೆಕಾಯಿ ಸುರಿದು ‘ನನಗೆ ಐದು ಕೊಡು ಕಂದಾ’ ಎಂದು ಕೇಳಿದರೆ, ಅದು ಕೈಗೆ ಸಿಕ್ಕಷ್ಟನ್ನು ಬಾಚಿ ಕೊಡುವುದುಂಟು. ಸಂಖ್ಯೆಗಳ ಹೆಸರನ್ನು ಸಾಲಾಗಿ ಹೇಳುವುದು, ಆ ಹೆಸರುಗಳನ್ನು ಹಿಡಿದು ವಸ್ತುಗಳನ್ನು ಎಣಿಸುವುದು, ಎಣಿಸದೆಯೇ ‘ಸುಮಾರು ಇಷ್ಟಿರಬಹುದು’ ಎಂದು ಅಂದಾಜಿಸುವುದು, ಇವು ಮೂರೂ ಬೇರೆ ಬೇರೆ ಸಾಮರ್ಥ್ಯಗಳು. ಮೊದಲನೆಯದಕ್ಕೆ ಮನೆಯಲ್ಲೂ ಶಿಶುವಿಹಾರದಲ್ಲೂ ಬೇಕಾದಷ್ಟು ಒತ್ತು ಸಿಗುತ್ತದೆ. ಮೂರನೆಯದು ಕಲಿಸಬಹುದಾದ ವಿಷಯವೆಂದು ಬಹಳ ಮಂದಿಗೆ ತೋಚುವುದೇ ಇಲ್ಲ. ಮೂರರಿಂದ ಹತ್ತು ವರ್ಷದ ಮಕ್ಕಳಿರುವ ಮನೆಯಲ್ಲಿ ಇದನ್ನು ಹಂತಹಂತವಾಗಿ ಬೆಳೆಸುವ ಕ್ರಮ ಇಲ್ಲಿದೆ. ಹುಣಿಸೆ ಬೀಜ, ನಾಲ್ಕು ಕವಡೆ, ಒಂದು ರಟ್ಟು, ಉದ್ದನೆಯ ದಾರ ಮತ್ತು ಬಟ್ಟೆಗೆ ಹಾಕುವ ಕೆಲವು ಕ್ಲಿಪ್‌ಗಳಿದ್ದರೆ ಸಾಕು.

ಹಂತ 1: ಎಣಿಸದೆ ನೋಡಿ ಹೇಳುವುದು

ಸಂಖ್ಯೆಯ ಅರಿವು ಮಾತಿಗಿಂತ ಮೊದಲೇ ಮೊಳೆಯುತ್ತದೆ. ಆರು ತಿಂಗಳ ಕೂಸು 8 ಚುಕ್ಕೆಗಳಿಗೂ 16 ಚುಕ್ಕೆಗಳಿಗೂ ಇರುವ ವ್ಯತ್ಯಾಸವನ್ನು ಗುರುತಿಸುತ್ತದೆ, ಆದರೆ 8ಕ್ಕೂ 12ಕ್ಕೂ ಇರುವುದನ್ನು ಗುರುತಿಸುವುದಿಲ್ಲ ಎಂದು ಫೇ ಷೂ ಮತ್ತು ಎಲಿಜಬೆತ್ ಸ್ಪೆಲ್ಕಿ 2000ನೇ ಇಸವಿಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಎರಡು ಗುಂಪುಗಳ ಅನುಪಾತ ದೊಡ್ಡದಿದ್ದರೆ ಮಾತ್ರ ಆ ವಯಸ್ಸಿನ ಕಣ್ಣಿಗೆ ಭೇದ ಕಾಣುತ್ತದೆ. ಬೆಳೆದಂತೆ ಅದು ಇನ್ನಷ್ಟು ಸೂಕ್ಷ್ಮವಾಗುತ್ತದೆ. ಇದರ ಜೊತೆಗೆ ಮೂರು ಅಥವಾ ನಾಲ್ಕರವರೆಗಿನ ವಸ್ತುಗಳನ್ನು ಒಂದೇ ನೋಟದಲ್ಲಿ ನಿಖರವಾಗಿ ಗ್ರಹಿಸುವ ಶಕ್ತಿಯೂ ನಮ್ಮೆಲ್ಲರಲ್ಲಿದೆ.

ಈ ಶಕ್ತಿಗೆ ಚೌಕಾಬಾರದ ಕವಡೆಗಳಷ್ಟು ಹೊಂದುವ ಸಾಧನ ಇನ್ನೊಂದಿಲ್ಲ. ಕವಡೆ ಎಸೆದು, ಬಾಯಿ ಮೇಲಾಗಿ ಬಿದ್ದವು ಎಷ್ಟೆಂದು ಮಗುವೇ ಹೇಳಲಿ. ಬೆರಳಿಟ್ಟು ಎಣಿಸುವ ಮೊದಲೇ ಅಂಗೈಯಿಂದ ಮುಚ್ಚಿಬಿಡಿ. ಇದು ಸಲೀಸಾದ ಮೇಲೆ ಐದು, ಆರು ಹುಣಿಸೆ ಬೀಜಗಳನ್ನು ಬೇರೆ ಬೇರೆ ವಿನ್ಯಾಸದಲ್ಲಿಟ್ಟು, ಬಟ್ಟಲನ್ನು ಕ್ಷಣಕಾಲ ಎತ್ತಿ ಮತ್ತೆ ಮುಚ್ಚಿ. ಉತ್ತರ ಬಂದೊಡನೆ ಸರಿ ತಪ್ಪು ಹೇಳದೆ ‘ನಿಂಗೆ ಹೇಗೆ ಗೊತ್ತಾಯ್ತು?’ ಎಂದು ಕೇಳಿ. ‘ಈ ಕಡೆ ಮೂರು, ಆ ಕಡೆ ಎರಡು’ ಎಂಬ ಉತ್ತರ ಬಂದರೆ, ಸಂಖ್ಯೆಯನ್ನು ಒಡೆದು ಕೂಡಿಸುವ ಉಪಾಯವನ್ನು ಮಗು ತಾನಾಗಿಯೇ ಕಂಡುಕೊಂಡಿದೆ ಎಂದರ್ಥ. ಮುಂದಿನ ಎಲ್ಲ ಹಂತಗಳಲ್ಲೂ ಈ ಪ್ರಶ್ನೆಯನ್ನು ಬಿಡಬೇಡಿ. ಮಗುವಿನ ಉಪಾಯ ಹೊರಗೆ ಬರುವುದು ಇದರಿಂದಲೇ.

ಹಂತ 2: ಎಣಿಕೆಯ ನಿಯಮ

ರೋಶೆಲ್ ಗೆಲ್ಮನ್ ಮತ್ತು ಸಿ. ಆರ್. ಗ್ಯಾಲಿಸ್ಟಲ್ 1978ರಲ್ಲಿ ಎಣಿಕೆಗೆ ಐದು ತತ್ವಗಳನ್ನು ಗುರುತಿಸಿದರು. ಅವುಗಳಲ್ಲಿ ಮನೆಯವರು ಮುಖ್ಯವಾಗಿ ಗಮನಿಸಬೇಕಾದವು ಮೂರು. ಒಂದು ವಸ್ತುವಿಗೆ ಒಂದೇ ಹೆಸರು ಸಲ್ಲಬೇಕು. ಎಲ್ಲಿಂದ ಆರಂಭಿಸಿದರೂ ಮೊತ್ತ ಬದಲಾಗದು. ಕೊನೆಯಲ್ಲಿ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಮೊತ್ತ. ಈ ಕೊನೆಯ ತತ್ವ ಮಗುವಿಗೆ ಬಂದಿದೆಯೇ ಎಂದು ತಿಳಿಯುವುದು ಸುಲಭ. ಮಗು ಎಣಿಸಿ ಮುಗಿಸಿದ ಮೇಲೆ ‘ಒಟ್ಟು ಎಷ್ಟಾಯ್ತು?’ ಎಂದು ಕೇಳಿದಾಗ ಅದು ಪುನಃ ಒಂದರಿಂದ ಎಣಿಸತೊಡಗಿದರೆ, ಆ ಅರಿವು ಇನ್ನೂ ಮೂಡಿಲ್ಲ. ಬೀಜಗಳ ಸಾಲನ್ನು ಅಗಲಿಸಿದಾಗ ‘ಈಗ ಜಾಸ್ತಿಯಾಯ್ತು’ ಎನ್ನುವುದೂ ಇದೇ ಪ್ರಾಯದ ಲಕ್ಷಣ; ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಇದನ್ನು ದಶಕಗಳ ಹಿಂದೆಯೇ ವಿವರಿಸಿದ್ದರು. ವಾದ ಮಾಡಿ ಒಪ್ಪಿಸಲು ಹೋಗಬೇಡಿ, ಮತ್ತೆ ಎಣಿಸಲು ಬಿಟ್ಟರೆ ಸಾಕು.

ಹಂತ 3: ಮನೆಗಳ ಆಟ

ರಟ್ಟಿನ ಮೇಲೆ ಎಡದಿಂದ ಬಲಕ್ಕೆ ಒಂದೇ ಅಳತೆಯ ಹತ್ತು ಚೌಕಗಳನ್ನು ಬರೆದು, ಅವುಗಳಲ್ಲಿ 1ರಿಂದ 10ರವರೆಗೆ ಸಂಖ್ಯೆ ತುಂಬಿಸಿ. ಒಂದು ಚೀಟಿಯಲ್ಲಿ 1, ಇನ್ನೊಂದರಲ್ಲಿ 2 ಬರೆದು, ಎತ್ತಿದ ಚೀಟಿಯಂತೆ ಕಾಯಿ ನಡೆಸಿ. ನೋಡಲು ತೀರಾ ಸಾಮಾನ್ಯವಾದ ಈ ಆಟವನ್ನು ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ ಅಮೆರಿಕದ ಬಡ ಕುಟುಂಬಗಳ ಶಾಲಾಪೂರ್ವ ಮಕ್ಕಳಿಗೆ ತಲಾ 15 ನಿಮಿಷದ ನಾಲ್ಕು ಸರದಿಗಳಲ್ಲಿ ಆಡಿಸಿದಾಗ, ಸಂಖ್ಯೆಗಳ ಗಾತ್ರವನ್ನು ಅಂದಾಜಿಸುವ ಅವರ ಸಾಮರ್ಥ್ಯ ಗಮನಾರ್ಹವಾಗಿ ಸುಧಾರಿಸಿತು. ಸಂಖ್ಯೆಯ ಬದಲು ಬಣ್ಣ ತುಂಬಿದ ಮಣೆಯಲ್ಲಿ ಆಡಿದವರಲ್ಲಿ ಆ ಸುಧಾರಣೆ ಕಾಣಲಿಲ್ಲ. ಇದು 2008ರ ವರದಿ. ಮರುವರ್ಷ ಅವರು ಮನೆಗಳನ್ನು ವೃತ್ತಾಕಾರದಲ್ಲಿಟ್ಟು ನೋಡಿದಾಗ ನೇರ ಸಾಲಿನಷ್ಟು ಫಲ ಸಿಗಲಿಲ್ಲ. ದೊಡ್ಡ ಸಂಖ್ಯೆಗೆ ಕಾಯಿ ಹೆಚ್ಚು ದೂರ ನಡೆಯುತ್ತದೆ, ಬಾಯಿ ಹೆಚ್ಚು ಹೆಸರು ಹೇಳುತ್ತದೆ, ಹೊತ್ತೂ ಹೆಚ್ಚು ಹಿಡಿಯುತ್ತದೆ. ಈ ಮೂರೂ ಒಟ್ಟಿಗೆ ಒದಗುವುದರಿಂದ ಸಂಖ್ಯೆಯ ಗಾತ್ರ ಮನಸ್ಸಿಗೆ ಇಳಿಯುತ್ತದೆ ಎಂಬುದು ಅವರ ವಿವರಣೆ.

ಹಾಗಾದರೆ ಹಾವು ಏಣಿ ಆಟ ಸಾಲದೇ ಎಂದು ಕೇಳಬಹುದು. ಅದರಲ್ಲಿ ಒಂದು ಸಾಲು ಬಲಕ್ಕೂ ಮುಂದಿನದು ಎಡಕ್ಕೂ ಹೊರಳುವುದಲ್ಲದೆ, ಏಣಿ ಸಿಕ್ಕರೆ ಹತ್ತಾರು ಸಂಖ್ಯೆಗಳು ಒಮ್ಮೆಗೇ ಹಾರಿಹೋಗುತ್ತವೆ. ಚೌಕಾಬಾರದಲ್ಲಿ ಮನೆಗಳಿಗೆ ಸಂಖ್ಯೆಯೇ ಇಲ್ಲ. ಅವೆರಡನ್ನೂ ಸಂತೋಷಕ್ಕಾಗಿ ಆಡಿ, ಆದರೆ ಸಂಖ್ಯೆಯ ಗಾತ್ರಕ್ಕಾಗಿ ನೇರ ಸಾಲಿನ ಮಣೆಯನ್ನೇ ಬಳಸಿ. ಹತ್ತರ ಮಣೆ ಕರಗತವಾದ ಮೇಲೆ, ಪ್ರತಿ ಸಾಲೂ ಎಡದಿಂದಲೇ ಆರಂಭವಾಗುವ ನೂರರ ಮಣೆ ಮಾಡಿಕೊಳ್ಳಬಹುದು.

ಕಾಯಿ ನಡೆಸುವಾಗ ಏನು ಹೇಳುತ್ತೇವೆ ಎಂಬುದೂ ಮುಖ್ಯ. ಕಾಯಿ 5ರಲ್ಲಿದ್ದು 2 ಬಿದ್ದರೆ ‘ಒಂದು, ಎರಡು’ ಎನ್ನುವ ಬದಲು ‘ಆರು, ಏಳು’ ಎನ್ನಬೇಕು. ಎಲಿಡಾ ಲಾಸ್ಕಿ ಮತ್ತು ಸೀಗ್ಲರ್ 2014ರಲ್ಲಿ ನೂರರ ಮಣೆಯೊಂದಿಗೆ ನಡೆಸಿದ ಅಧ್ಯಯನದಲ್ಲಿ, ಇದ್ದ ಮನೆಯಿಂದ ಮುಂದಕ್ಕೆ ಎಣಿಸಿದ ಮಕ್ಕಳಿಗೆ ಹೆಚ್ಚಿನ ಪ್ರಯೋಜನವಾಯಿತು. ಮೊದಮೊದಲು ಇದು ಮಗುವಿಗೆ ತೊಡಕೆನಿಸುತ್ತದೆ, ಅಜ್ಜ ಅಜ್ಜಿಯರಿಗೂ ಅಷ್ಟೆ. ಎಲ್ಲರೂ ಒಂದೇ ಕ್ರಮ ಪಾಲಿಸಿದರೆ ಬೇಗ ರೂಢಿಯಾಗುತ್ತದೆ.

ಹಂತ 4: ಕೂಡುವ ಉಪಾಯಗಳು

ಮುಂದಕ್ಕೆ ಎಣಿಸುವ ಈ ರೂಢಿಯೇ ಕೂಡುವ ಲೆಕ್ಕಕ್ಕೂ ಅಡಿಪಾಯ. 3 ಮತ್ತು 5ನ್ನು ಕೂಡಿಸಲು ಮಗು ಮೊದಲು ಎಲ್ಲ ಬೆರಳುಗಳನ್ನೂ ಒಂದರಿಂದ ಎಣಿಸುತ್ತದೆ. ಅನಂತರ ಮೂರರಿಂದ ಮುಂದಕ್ಕೆ, ಅದಾದ ಮೇಲೆ ದೊಡ್ಡದಾದ ಐದರಿಂದ ಮುಂದಕ್ಕೆ ಎಣಿಸುತ್ತದೆ. ಕಡೆಗೆ ಎಂಟು ಎಂಬುದು ನೆನಪಿನಿಂದಲೇ ಬರುತ್ತದೆ. 8 ಮತ್ತು 7 ಬಂದರೆ ಏಳರಿಂದ ಎರಡನ್ನು ಎಂಟಕ್ಕೆ ಕೊಟ್ಟು ಹತ್ತು ಮಾಡಿ, ಉಳಿದ ಐದನ್ನು ಸೇರಿಸುವ ಜಾಣತನವೂ ಬರುತ್ತದೆ. ಇವು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಮೆಟ್ಟಿಲುಗಳಲ್ಲ. ಒಂದೇ ಮಗು ಒಂದೇ ದಿನ ಇವುಗಳಲ್ಲಿ ಹಲವು ಉಪಾಯಗಳನ್ನು ಬಳಸಬಹುದು, ಮತ್ತು ದಿನ ಕಳೆದಂತೆ ಚುರುಕಾದುದರ ಪಾಲು ಹೆಚ್ಚುತ್ತದೆ ಎಂಬುದು ಸೀಗ್ಲರ್ ಅವರ ಪ್ರಸಿದ್ಧ ನಿರೂಪಣೆ. ಆದ್ದರಿಂದ ‘ದೊಡ್ಡವಳಾದೆ, ಇನ್ನೂ ಬೆರಳು ಮಡಿಸುತ್ತೀಯಾ’ ಎಂದು ಗದರುವುದು ಸಲ್ಲದು.

ಬೆಂಗಳೂರಿನ ಬಹುತೇಕ ಬಡಾವಣೆಗಳಲ್ಲಿ ಅಬ್ಯಾಕಸ್ ತರಗತಿಗಳಿವೆ. ಇದೇ ಊರಿನಲ್ಲಿ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿಯವರು 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳ ಗುಣಲಬ್ಧವನ್ನು 28 ಸೆಕೆಂಡುಗಳಲ್ಲಿ ಹೇಳಿದ್ದು ನಮಗೆಲ್ಲ ಹೆಮ್ಮೆಯ ಸಂಗತಿ. ಆದರೆ ವೇಗದ ಲೆಕ್ಕ ಬೇರೆ, ಉತ್ತರ ಎಷ್ಟರ ಸುಮಾರಿಗೆ ಬರಬೇಕೆಂಬ ಅರಿವು ಬೇರೆ. ಹೆಚ್ಚಿನ ಮಕ್ಕಳಿಗೆ ಮೊದಲು ಬೇಕಾದುದು ಎರಡನೆಯದು ಎಂಬುದು ನನ್ನ ಅಭಿಪ್ರಾಯ.

ಹಂತ 5: ದಾರದ ಮೇಲೆ ಸಂಖ್ಯೆ

ಕಿಟಕಿಯಿಂದ ಬಾಗಿಲಿಗೆ ದಾರ ಕಟ್ಟಿ, ಒಂದು ತುದಿಗೆ 0, ಇನ್ನೊಂದಕ್ಕೆ 100 ಬರೆದ ಚೀಟಿಗಳನ್ನು ಕ್ಲಿಪ್‌ನಿಂದ ಸಿಕ್ಕಿಸಿ. ‘30 ಎಲ್ಲಿ ಬರುತ್ತೆ?’ ಎಂದು ಕೇಳಿ, ಮಗುವೇ ಚೀಟಿ ಸಿಕ್ಕಿಸಲಿ. ಚಿಕ್ಕ ಮಕ್ಕಳು ಸಣ್ಣ ಸಂಖ್ಯೆಗಳ ನಡುವೆ ವಿಪರೀತ ಜಾಗ ಬಿಟ್ಟು, ದೊಡ್ಡ ಸಂಖ್ಯೆಗಳನ್ನೆಲ್ಲ ಬಲತುದಿಯಲ್ಲಿ ಒತ್ತೊತ್ತಾಗಿ ತುರುಕುತ್ತಾರೆ. ನೂರರವರೆಗೆ ಸರಿಯಾಗಿ ಇಡುವ ಎರಡನೇ ತರಗತಿಯ ಮಗುವೂ ತುದಿಯನ್ನು 1000ಕ್ಕೆ ಬದಲಿಸಿದರೆ 150ನ್ನು ಬಹಳ ಬಲಕ್ಕೆ ಇಡುವುದು ಸಾಮಾನ್ಯ. ಸೀಗ್ಲರ್ ಮತ್ತು ಜಾನ್ ಆಪ್ಫರ್ ಇದನ್ನು 2003ರಲ್ಲಿ ದಾಖಲಿಸಿದ್ದಾರೆ. ಅವರ ಮುಂದಿನ ಅಧ್ಯಯನದಲ್ಲಿ 150ರ ಆಸುಪಾಸಿನ ಸ್ಥಾನವನ್ನು ತೋರಿಸಿಕೊಟ್ಟದ್ದೇ ಅನೇಕ ಮಕ್ಕಳು ಇಡೀ ರೇಖೆಯನ್ನು ಸರಿಪಡಿಸಿಕೊಳ್ಳಲು ಸಾಕಾಯಿತು. ಹಾಗಾಗಿ ಪ್ರತಿಯೊಂದು ಚೀಟಿಯನ್ನೂ ತಿದ್ದುವ ಅಗತ್ಯವಿಲ್ಲ. ದಾರವನ್ನು ಮಡಚಿ ನಡುವೆ 500 ಇಡಲು ಹೇಳಿ, ಮತ್ತೆ ಮಡಚಿ 250. ಆಮೇಲೆ 150 ಎಲ್ಲಿರಬೇಕೆಂದು ಮಗುವೇ ಯೋಚಿಸಲಿ.

ಹಂತ 6: ನಿಜವಾದ ಅಂದಾಜು

ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕಡೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆ ಇದಕ್ಕೆ ಹೇಳಿಮಾಡಿಸಿದ ಸಂದರ್ಭ, ಉಳಿದ ದಿನಗಳಲ್ಲಿ ಅಡುಗೆಮನೆಯ ಡಬ್ಬಿಯೇ ಆದೀತು. ಸೇರಿನ ತುಂಬ ಕಡಲೆಕಾಯಿ ಇಟ್ಟು ಎಷ್ಟಿರಬಹುದೆಂದು ಮಗು ಕಾಗದದಲ್ಲಿ ಬರೆಯಲಿ. ಬಳಿಕ ಒಂದು ಪಾವಿನಷ್ಟನ್ನು ಮಾತ್ರ ಎಣಿಸಿ, ಅಂದಾಜನ್ನು ಬದಲಿಸುವ ಅವಕಾಶ ಕೊಡಿ. ಪಾವಿನಲ್ಲಿ ಇಷ್ಟಿದ್ದರೆ ನಾಲ್ಕು ಪಾವಿನ ಸೇರಿನಲ್ಲಿ ಎಷ್ಟು ಎಂಬ ದಾರಿ ಹಲವು ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ. ಮೆಟ್ರೊದಲ್ಲಿ ಒಂದು ಬೋಗಿಯಲ್ಲಿ ಕೂತವರನ್ನು ಎಣಿಸಿ, ಆರು ಬೋಗಿಗಳ ರೈಲಿನಲ್ಲಿ ಎಷ್ಟು ಮಂದಿ ಕೂತಿರಬಹುದೆಂದು ಕೇಳುವುದೂ ಇದೇ ಬಗೆಯದು.

ಅತ್ಯಂತ ಹತ್ತಿರದ ಅಂದಾಜಿಗೆ ಬಹುಮಾನ ಕೊಡುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಅದರಿಂದ ಅಂದಾಜು ಲಾಟರಿಯಾಗುತ್ತದೆ, ಸೋತವರು ಮುಂದಿನ ಸಲ ಬಾಯಿ ಬಿಡುವುದಿಲ್ಲ. ತಪ್ಪುವ ಭಯವಿರುವ ಮಗು ಮಾಡುವ ಇನ್ನೊಂದು ಕೆಲಸವೆಂದರೆ, ಗುಟ್ಟಾಗಿ ಪೂರ್ತಿ ಲೆಕ್ಕ ಮಾಡಿ ಉತ್ತರವನ್ನು ಕೊಂಚ ಬದಲಿಸಿ ‘ಅಂದಾಜು’ ಎಂದು ಒಪ್ಪಿಸುವುದು. ನಿಖರ ಉತ್ತರ ಬೇಡವಾದ ಪ್ರಶ್ನೆ ಕೇಳಿದರೆ ಇದು ತಪ್ಪುತ್ತದೆ. ಹಾಪ್‌ಕಾಮ್ಸ್ ಮಳಿಗೆಯ ಬೆಲೆ ಹಲಗೆ ನೋಡಿ, ಕೊಳ್ಳಬೇಕಾದವು 48, 32 ಮತ್ತು 19 ರೂಪಾಯಿ ಎಂದಿಟ್ಟುಕೊಳ್ಳೋಣ. ‘ಒಟ್ಟು ಎಷ್ಟು?’ ಎನ್ನದೆ ‘ನೂರರ ನೋಟು ಸಾಕಾಗುತ್ತಾ?’ ಎಂದು ಕೇಳಿ. 50, 30, 20 ಎಂದು ದುಂಡಗೆ ಮಾಡಿಕೊಂಡ ಮಗು ನೂರರ ಅಂಚಿಗೆ ಬಂದು ನಿಲ್ಲುತ್ತದೆ. ಎಲ್ಲಿ ಏರಿಸಿದೆ, ಎಲ್ಲಿ ಇಳಿಸಿದೆ ಎಂದು ಮರಳಿ ನೋಡಿ ‘ಸಾಕು’ ಎನ್ನುವಷ್ಟರಲ್ಲಿ ಅಂದಾಜಿನ ದೊಡ್ಡ ಉಪಾಯವೊಂದು ಕೈವಶವಾಗಿರುತ್ತದೆ.

ಮನೆಗೆ ಬಂದ ಮೇಲೆ ಅದೇ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆಸಿ. ಇದು ಬೇಡದ ಶ್ರಮವೆನಿಸಬಹುದು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತವರ ಸಹೋದ್ಯೋಗಿಗಳು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದಂತೆ, ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಸಲೀಸಾಗಿ ಚಿಲ್ಲರೆ ಲೆಕ್ಕ ಹಾಕುವ ಮಕ್ಕಳು ಅಷ್ಟೇ ಕಷ್ಟದ ಪುಸ್ತಕದ ಲೆಕ್ಕದಲ್ಲಿ ಎಡವಿದರು. ಪುಸ್ತಕದ ಲೆಕ್ಕ ಬಲ್ಲ ಶಾಲಾಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ಎಡವಿದರು. ಅಂಗಡಿಯ ಜಾಣ್ಮೆ ಪುಸ್ತಕಕ್ಕೂ ಪುಸ್ತಕದ್ದು ಅಂಗಡಿಗೂ ತಾನಾಗಿ ದಾಟುವುದಿಲ್ಲವಾದ್ದರಿಂದ ದಾಟಿಸುವ ಕೆಲಸ ಮನೆಯವರದೂ ಶಿಕ್ಷಕರದೂ ಆಗುತ್ತದೆ.

ಮಕ್ಕಳ ವೇಗದಲ್ಲಿ ವ್ಯತ್ಯಾಸವಿದ್ದೇ ಇರುತ್ತದೆ, ಆರು ತಿಂಗಳು ಹಿಂದೆ ಮುಂದೆ ಆದರೆ ಗಾಬರಿ ಬೇಡ. ಆದರೆ ಎಂಟು ವರ್ಷ ದಾಟಿದ ಮೇಲೂ ಎರಡು ಸಂಖ್ಯೆಗಳಲ್ಲಿ ಯಾವುದು ದೊಡ್ಡದೆಂದು ಹೇಳಲು ತಡಕಾಡುವುದು, ಸಣ್ಣ ಕೂಡುವಿಕೆಗೂ ಪ್ರತಿ ಸಲ ಒಂದರಿಂದ ಎಣಿಸುವುದು ಮುಂದುವರಿದರೆ, ಅದು ಡಿಸ್ಕ್ಯಾಲ್ಕುಲಿಯ ಎಂಬ ಕಲಿಕಾ ತೊಡಕಾಗಿರಬಹುದು. ಇಂತಹ ತೊಡಕುಗಳ ಪರೀಕ್ಷೆ ನಿಮ್ಹಾನ್ಸ್‌ನಲ್ಲಿ ನಡೆಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಗಳ ಪಟ್ಟಿಯಲ್ಲಿ ಇದನ್ನೂ ಹೆಸರಿಸಿದೆ. ಹೋಗುವಾಗ ಶಾಲೆಯ ನೋಟ್‌ಬುಕ್ಕುಗಳ ಜೊತೆಗೆ, ಮಗು ಯಾವ ಲೆಕ್ಕವನ್ನು ಹೇಗೆ ಮಾಡಿತೆಂದು ಬರೆದಿಟ್ಟ ಟಿಪ್ಪಣಿಗಳನ್ನೂ ಒಯ್ದರೆ ಪರೀಕ್ಷಿಸುವವರಿಗೆ ಅನುಕೂಲ.