ಹಳೇ ಫಿಲಂ ಕ್ಯಾಮೆರಾದ ಶಟರ್ ಕೈಕೊಟ್ಟಿದ್ಯಾ? ಬಿಚ್ಚೋ ಮುಂಚೆ ಹೀಗೆ ನೋಡಿ

ಮೂಡಿಗೆರೆ, ಕೊಪ್ಪ, ಸಕಲೇಶಪುರ ಕಡೆ ತೋಟದ ಮನೆಗಳ ಬೀರುಗಳಲ್ಲಿ ಇನ್ನೂ ಎಷ್ಟೋ ಫಿಲಂ ಕ್ಯಾಮೆರಾ ಕೂತಿವೆ, ಯಾಶಿಕಾ, ಜೆನಿಟ್, ಪೆಂಟಾಕ್ಸ್, ಹೀಗೆ. ಈಗ ಮೊಮ್ಮಕ್ಕಳು ತೆಗೆದು ಬೂಷ್ಟು ಒರೆಸಿ ಬಟನ್ ಒತ್ತಿ ನೋಡ್ತಾರೆ, ಏನೂ ಆಗಲ್ಲ, ಶಟರ್ (ಫಿಲಂಗೆ ಬೆಳಕು ಬಿಟ್ಟು ಮುಚ್ಚೋ ಬಾಗಿಲು) ಹೋಗಿದೆ ಅಂತ ಗುಜರಿಗೆ ಹಾಕ್ತಾರೆ, ಇಲ್ಲಾ ಯೂಟ್ಯೂಬ್ ನೋಡ್ಕೊಂಡು ಸ್ಕ್ರೂಡ್ರೈವರ್ ಹಿಡೀತಾರೆ. ದಯವಿಟ್ಟು ಎರಡೂ ಮಾಡ್ಬೇಡಿ. ಎಷ್ಟೋ ಕ್ಯಾಮೆರಾಗಳಲ್ಲಿ ಯಾವ ಪಾರ್ಟೂ ಮುರಿದಿರಲ್ಲ, ವರ್ಷಗಟ್ಟಲೆ ಓಡಿಸದೆ ಒಳಗಿನ ಗ್ರೀಸ್ ಗಟ್ಟಿಯಾಗಿರತ್ತೆ ಅಷ್ಟೆ. ಎಲ್ಲಿ ಸಿಕ್ಕಿಹಾಕ್ಕೊಂಡಿದೆ ಅನ್ನೋದನ್ನ ಒಂದು ಸ್ಕ್ರೂನೂ ಮುಟ್ಟದೆ ಬಹುಪಾಲು ಕಂಡುಹಿಡೀಬಹುದು.

ಮೊದಲು ಒಳಗೆ ಫಿಲಂ ರೋಲ್ ಇದ್ಯಾ ನೋಡಿ. ರಿವೈಂಡ್ ನಾಬನ್ನ ಬಾಣದ ಗುರುತಿನ ಕಡೆ ಮೆಲ್ಲಗೆ ತಿರುಗಿಸಿ, ಬಿಗಿ ಬಂದ್ರೆ ಫಿಲಂ ಇದೆ ಅಂತ, ಹಿಂದಿನ ಮುಚ್ಚಳ ತೆಗೀಬೇಡಿ, ಯಾರದೋ ಮದುವೆ ಫೋಟೋ ಇರಬಹುದು ಅದರಲ್ಲಿ. ಆಮೇಲೆ ಸೆಲ್. ಕೆನಾನ್ ಎಇ-1 ತರದ್ದು ಸೆಲ್ ಇಲ್ದೆ ಕ್ಲಿಕ್ಕೇ ಆಗಲ್ಲ, ಅದಕ್ಕೆ 6 ವೋಲ್ಟ್ ಸೆಲ್ ಬೇಕು. ಯಾಶಿಕಾ ಎಲೆಕ್ಟ್ರೋ 35 ಸೆಲ್ ಇಲ್ದಿದ್ರೂ ಕ್ಲಿಕ್ ಆಗತ್ತೆ, ಆದ್ರೆ ಯಾವಾಗ್ಲೂ 1/500ರ ಸ್ಪೀಡಲ್ಲೇ (ಅಂದ್ರೆ ಶಟರ್ ತೆರೆದಿರೋದು ಸೆಕೆಂಡಿನ 500ರಲ್ಲಿ ಒಂದು ಭಾಗ ಮಾತ್ರ), ಅದನ್ನ ನೋಡಿ ಶಟರ್ ಚೆನ್ನಾಗಿದೆ ಅಂದ್ಕೊಂಡ್ರೆ ಕತ್ತಲೆ ಫೋಟೋ ಬರತ್ತೆ. ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ ಇವಕ್ಕೆ ಬೆಳಕು ಅಳೆಯೋ ಮೀಟರಿಗೆ ಮಾತ್ರ ಸೆಲ್ ಬೇಕು, ಶಟರ್ ಪೂರ್ತಿ ಮೆಕ್ಯಾನಿಕಲ್. ಸೆಲ್ ಕೂರೋ ಜಾಗದಲ್ಲಿ ಹಸಿರು ಕಿಲುಬು ಇದ್ರೆ ಬಡ್ಸ್‌ಗೆ ಸ್ವಲ್ಪವೇ ವಿನೆಗರ್ ಮುಟ್ಟಿಸಿ ಉಜ್ಜಿ, ಒಣಗಿಸಿ, ಆಮೇಲೆ ಹೊಸಾ ಸೆಲ್ ಹಾಕಿ.

ಈಗ ಶಟರ್ ಯಾವ ಜಾತಿದು ಅಂತ ಗೊತ್ತು ಮಾಡ್ಕೊಳ್ಳಿ, ಯಾಕಂದ್ರೆ ಕಾಯಿಲೆ ಬೇರೆ ಬೇರೆ. ಲೆನ್ಸ್ ಒಳಗೇ ತೆಳ್ಳಗಿನ ರೆಕ್ಕೆ ತೆರೆದು ಮುಚ್ಚೋದು ಲೀಫ್ ಶಟರ್. ಫಿಲಂ ಮುಂದೆ ಬಟ್ಟೆ ಅಥವಾ ಲೋಹದ ಎರಡು ಪರದೆ ಓಡೋದು ಫೋಕಲ್ ಪ್ಲೇನ್ ಶಟರ್, ಮೊದಲ ಪರದೆ ತೆರೆಯತ್ತೆ, ಎರಡನೇದು ಹಿಂದಿಂದ ಬಂದು ಮುಚ್ಚತ್ತೆ. ಸ್ಪೀಡ್ ಜಾಸ್ತಿ ಇದ್ದಾಗ ಎರಡರ ನಡುವೆ ಒಂದು ಸಣ್ಣ ಸಂದಿ ಮಾತ್ರ ಇರತ್ತೆ, ಆ ಸಂದಿನೇ ಫಿಲಂ ಮೇಲೆ ಉದ್ದಕ್ಕೂ ಹಾದುಹೋಗತ್ತೆ.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಕಿವಿದು. ರೋಲ್ ಇಲ್ದೆ, ಫ್ಯಾನ್ ಆಫ್ ಮಾಡಿ, 1 ಸೆಕೆಂಡಿಂದ ಶುರು ಮಾಡಿ 1/2, 1/4, 1/8 ಹೀಗೆ ಒಂದೊಂದರಲ್ಲೂ ನಾಕೈದು ಸಲ ಕ್ಲಿಕ್ ಮಾಡಿ ಕೇಳಿ. (ಜೋರ್ಕಿ, ಫೆಡ್ ತರದ ರಷ್ಯನ್ ಕ್ಯಾಮೆರಾ ಆದ್ರೆ ಫಿಲಂ ಮುಂದೆ ಸರಿಸೋ ಲಿವರ್ ಎಳೆದ ಮೇಲೇ ಸ್ಪೀಡ್ ಬದಲಾಯಿಸಿ, ಮುಂಚೆ ತಿರುಗಿಸಿದ್ರೆ ಒಳಗಿನ ಪಾರ್ಟ್ ಮುರಿಯಬಹುದು.) ಮೆಕ್ಯಾನಿಕಲ್ ಶಟರ್ ಆದ್ರೆ ನಿಧಾನದ ಸ್ಪೀಡಲ್ಲಿ ಜ್ರ್ರ್ರ್ ಅಂತ ಹಲ್ಲುಚಕ್ರ ಒಂದೇ ಸಮ ಓಡೋ ಸದ್ದು ಬರಬೇಕು. ಸದ್ದು ನಡುವೆ ತೊದಲಿದ್ರೆ, ಎಳೆದಾಡಿದ್ರೆ, ಇಲ್ಲಾ ಅರ್ಧಕ್ಕೆ ನಿಂತು ಶಟರ್ ತೆರೆದೇ ಇದ್ರೆ, ಆದ್ರೆ 1/60ರಿಂದ ಮೇಲೆ ಎಲ್ಲಾ ಸರಿಯಾಗೇ ಇದ್ರೆ, ತೊಂದರೆ ಇರೋದು ನಿಧಾನದ ಸ್ಪೀಡಿನ ಗೇರ್‌ಗಳಲ್ಲಿ, ಗ್ರೀಸ್ ಅಂಟಾಗಿದೆ, ಸರ್ವಿಸ್ ಮಾಡಿಸಿದ್ರೆ ಸರಿಹೋಗೋ ಕೇಸು. ಡಿಸೆಂಬರ್ ಬೆಳಿಗ್ಗೆ ಚಳಿಗೆ ನಿಂತು ಮಧ್ಯಾಹ್ನ ಬಿಸಿಲು ಬಂದ ಮೇಲೆ ಓಡಿದ್ರಂತೂ ಅನುಮಾನವೇ ಬೇಡ, ಗ್ರೀಸೇ. ಅದಕ್ಕೇ ಒಂದೇ ಹೊತ್ತಲ್ಲಿ ನೋಡಿ ತೀರ್ಮಾನ ಮಾಡ್ಬೇಡಿ.

ಕಿವಿಗೆ ಸಾಲದೆ ಇದ್ದಾಗ ಫೋನ್ ಇದೆ. ಹಿಂದಿನ ಮುಚ್ಚಳ ತೆಗೆದು, ಲೆನ್ಸನ್ನ ಬೆಳಕಿರೋ ಬಿಳಿ ಗೋಡೆ ಕಡೆ ಹಿಡಿದು, ಹಿಂದಿಂದ ಸ್ಲೋ ಮೋಷನ್ ವಿಡಿಯೋ ಮಾಡಿ. ಸೆಕೆಂಡಿಗೆ 240 ಫ್ರೇಮ್ ಇದ್ರೆ 1/30ರಲ್ಲಿ ಬೆಳಕು ಕಾಣೋದು ಸುಮಾರು 8 ಫ್ರೇಮ್, 1/15ರಲ್ಲಿ 16, ಎಡಿಟಿಂಗ್ ಆ್ಯಪಲ್ಲಿ ಒಂದೊಂದೇ ಫ್ರೇಮ್ ಸರಿಸಿ ಎಣಿಸಿ. 12 ಬಂದ್ರೆ ಆ 1/30 ನಿಜವಾಗಿ 1/20. 1/125ರ ಮೇಲೆ ಎಣಿಕೆ ನಂಬಬೇಡಿ, ಎರಡೇ ಫ್ರೇಮಲ್ಲಿ ಏನು ಅಳೀತೀರಾ.

ಜಾಸ್ತಿ ಸ್ಪೀಡಿಗೆ ಕಣ್ಣೇ ಸಾಕು. 1/1000ಕ್ಕೆ ಇಟ್ಟು ಹಿಂದಿಂದ ನೋಡ್ತಾ ಕ್ಲಿಕ್ ಮಾಡಿ, ಪರದೆ ಇರೋ ಚೌಕ ಪೂರ್ತಿ ಒಂದೇ ಸಮ ಮಿಂಚಬೇಕು. ಒಂದು ಪಕ್ಕ ಕಪ್ಪಾಗೇ ಉಳಿದ್ರೆ ಎರಡನೇ ಪರದೆ ಬೇಗ ಬಂದು ಮೊದಲನೇದನ್ನ ಹಿಡಿದುಬಿಡ್ತಿದೆ, ಫೋಟೋದಲ್ಲೂ ಒಂದು ಬದಿ ಕತ್ತಲೆ ಬರತ್ತೆ. ಇದು ಸ್ಪ್ರಿಂಗ್ ಟೆನ್ಷನ್ ವಿಷಯ, ನೀವು ಕೈ ಹಾಕೋದಲ್ಲ.

ಬಟ್ಟೆ ಪರದೆ ಆಗಿದ್ರೆ ತೂತು ನೋಡಿ. ಕತ್ತಲೆ ಕೋಣೇಲಿ ಲೆನ್ಸ್ ತೆಗೆದು ಮುಂದಿಂದ ಟಾರ್ಚ್ ಬಿಡಿ (ಲೆನ್ಸ್ ಹಿಂದೆ ಮಿರರ್, ಅಂದ್ರೆ ಕನ್ನಡಿ, ಇರೋ ಕ್ಯಾಮೆರಾದಲ್ಲಿ ಪರದೆಗೆ ಮಿರರ್ ಅಡ್ಡ ಇರತ್ತೆ, ಹಿಂದಿನ ಮುಚ್ಚಳ ತೆಗೆದು ಆ ಕಡೆಯಿಂದ ಬಿಟ್ಟು ಮುಂದೆ ನೋಡೋದೂ ಕಷ್ಟ, ಹಂಗಾಗಿ ಮಿರರನ್ನ ಬೆರಳ ತುದಿಲಿ ಅಂಚು ಹಿಡಿದು ಮೆಲ್ಲಗೆ ಎತ್ತಿ), ಹಿಂದೆ ನಕ್ಷತ್ರದ ತರ ಚುಕ್ಕಿ ಕಂಡ್ರೆ ತೂತಿದೆ. ಲಿವರ್ ಎಳೆಯೋ ಮುಂಚೆ ಒಂದು ಸಲ, ಎಳೆದ ಮೇಲೆ ಒಂದು ಸಲ ನೋಡಿ, ಎರಡು ಪರದೆ ಅಲ್ವಾ. ಮಿರರ್ ಇಲ್ಲದ ಬಟ್ಟೆ ಪರದೆ ಕ್ಯಾಮೆರಾಗಳನ್ನ ಲೆನ್ಸ್ ಮುಚ್ಚದೆ ಬಿಸಿಲಿಗೆ ಮುಖ ಮಾಡಿ ಇಟ್ರೆ ಸೂರ್ಯನ ಬೆಳಕೇ ಸುಟ್ಟು ತೂತು ಮಾಡತ್ತೆ.

ಇನ್ನೊಂದು, ಶಟರ್ ಅಲ್ಲದ್ದನ್ನ ಶಟರ್ ಅಂದ್ಕೊಳ್ಳೋದು ಬಹಳ. ಮಿರರ್ ಮೇಲೇ ನಿಂತುಬಿಟ್ರೆ, ಅಲ್ಲಿರೋ ಫೋಮ್ ಕರಗಿ ಅಂಟಾಗಿದ್ಯಾ ನೋಡಿ. ಅಂಟಿಲ್ದಿದ್ರೆ ಎರಡನೇ ಪರದೆ ಕೊನೇವರೆಗೂ ಓಡಿಲ್ಲ ಅಂತ ಅನುಮಾನ ಪಡಿ, ಎಷ್ಟೋ ಮೆಕ್ಯಾನಿಕಲ್ ಕ್ಯಾಮೆರಾಗಳಲ್ಲಿ ಮಿರರ್ ಇಳಿಯೋದು ಆ ಪರದೆ ಕೊನೇಲಿ ತಳ್ಳಿದಾಗಲೇ. ಲೀಫ್ ಶಟರಲ್ಲಿ ಎಕ್ಸ್, ವಿ ಅಂತ ಬರೆದಿರೋ ಸಣ್ಣ ಲಿವರ್ ವಿನಲ್ಲಿದ್ರೆ ಸೆಲ್ಫ್ ಟೈಮರ್ ಸಿಕ್ಕಿಕೊಂಡಿರಬಹುದು, ಎಕ್ಸ್‌ಗೆ ತನ್ನಿ, ಜೋರಾಗಿ ಒತ್ತಬೇಡಿ. ರೆಕ್ಕೆಗಳ ಮೇಲೆ ಎಣ್ಣೆ ಮಿನುಗಿದ್ರೆ ಅವು ಅಂಟ್ಕೊಳ್ಳೋದೂ ಅದಕ್ಕೇ.

ಸ್ಪ್ರೇ ಎಣ್ಣೆ ಮಾತ್ರ ಯಾವತ್ತೂ ಹೊಡೀಬೇಡಿ. ಒಂದು ದಿನ ಓಡತ್ತೆ, ಆಮೇಲೆ ರೆಕ್ಕೆ, ಲೆನ್ಸ್ ಎಲ್ಲದಕ್ಕೂ ಹರಡಿ ಸರ್ವಿಸ್ ಖರ್ಚು ಜಾಸ್ತಿಯಾಗತ್ತೆ.

ಇಷ್ಟೂ ಪಾಸಾದ್ರೆ ಒಂದು ರೋಲ್ ಹಾಕಿ. ನಿಚ್ಚಳ ಬಿಸಿಲಲ್ಲಿ, ಬೇಲೂರಿನ ದೇವಸ್ಥಾನದ ಅಂಗಳ ಆದ್ರೂ ಸರಿ ಮನೆ ಗೋಡೆ ಆದ್ರೂ ಸರಿ, 100 ಐಎಸ್‌ಒ (ಫಿಲಂ ಬೆಳಕು ಹಿಡಿಯೋ ಅಳತೆ, ಡಬ್ಬಿ ಮೇಲಿರತ್ತೆ) ಫಿಲಂಗೆ 1/125 ಮತ್ತು ಎಫ್16 (ಲೆನ್ಸಿನ ಬೆಳಕಿನ ತೂತಿನ ಅಳತೆ), 1/250 ಮತ್ತು ಎಫ್11, 1/500 ಮತ್ತು ಎಫ್8, 1/1000 ಮತ್ತು ಎಫ್5.6, ಒಂದೇ ದೃಶ್ಯ. ನೆಗೆಟಿವಲ್ಲಿ ನಾಲ್ಕೂ ಒಂದೇ ಗಾಢತೆ ಇರಬೇಕು. ಸ್ವಲ್ಪ ಆಚೀಚೆ ಆದ್ರೆ ಕಲರ್ ನೆಗೆಟಿವ್ ತಡ್ಕೊಳ್ಳತ್ತೆ. ಪ್ರತಿ ಫ್ರೇಮಿನ ಸ್ಪೀಡ್ ಚೀಟಿಲಿ ಬರೆದಿಡಿ, ರಿಪೇರಿಯವರಿಗೆ ಕ್ಯಾಮೆರಾ ಜೊತೆ ಆ ಚೀಟಿನೂ ಕೊಡಿ, ಶಟರ್ ಕೆಟ್ಟಿದೆ ಅನ್ನೋದಕ್ಕಿಂತ 1/8 ಕೆಳಗೆ ನಿಲ್ತಿದೆ ಅಂದ್ರೆ ಅವರ ಕೆಲಸ ಅರ್ಧ ಆದಂಗೆ. ವಾಪಸ್ ಬಂದ ಮೇಲೆ ಲೆದರ್ ಕೇಸಲ್ಲಿ ಮಳೆಗಾಲ ಕಳೆಯೋಕೆ ಬಿಡಬೇಡಿ, ಗಾಳಿಯಾಡದ ಡಬ್ಬಿಲಿ ಸಿಲಿಕಾ ಜೆಲ್ ಹಾಕಿ, ಲಿವರ್ ಎಳೆಯದೆ ಇಟ್ಟು, ತಿಂಗಳಿಗೊಂದು ಸಲ ಎಲ್ಲಾ ಸ್ಪೀಡಲ್ಲೂ ಕ್ಲಿಕ್ ಮಾಡಿ.